ಲಿನಕ್ಸ್ ಹಾಕಿದರೆ ಮಾನಿಟರ್ ಸುಟ್ಟುಹೋಗುತ್ತದೆಯೇ? ಉತ್ತರ 1897ರ ಒಂದು ಗಾಜಿನ ಕೊಳವೆಯಲ್ಲಿದೆ

ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಂಡು ಇನ್ನೂ ನಾಲ್ಕು ವರ್ಷ ಬಳಸಬಹುದು ಎಂದು ಯಾರಾದರೂ ಹೇಳಿದರೆ, ಅದರ ಬೆನ್ನಿಗೇ ಒಂದು ಎಚ್ಚರಿಕೆಯೂ ಬರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ ಒಂದಿಷ್ಟು ತಪ್ಪಿದರೂ ಮಾನಿಟರ್ ಸುಟ್ಟುಹೋಗುತ್ತದೆ, ಅದರ ತಂಟೆಗೆ ಹೋಗಬೇಡಿ ಎನ್ನುವುದು ಆ ಎಚ್ಚರಿಕೆ. ಇದನ್ನು ನಂಬಿದವರು ಲಿನಕ್ಸ್ ಮುಟ್ಟುವುದಿಲ್ಲ. ಧೈರ್ಯ ಮಾಡಿ ಮುಟ್ಟಿದವರ ಪೈಕಿಯೂ ಪರದೆ ಒಮ್ಮೆ ಕಪ್ಪಾದರೆ ಮಾನಿಟರ್ ಹೋಯಿತು ಎಂದು ತೀರ್ಮಾನಿಸಿ, ಚೆನ್ನಾಗಿರುವ ಮಾನಿಟರನ್ನೇ ಗುಜರಿಗೆ ಹಾಕುವವರಿದ್ದಾರೆ.

ಹಾಗಾದರೆ ಇದು ನಿಜವೇ, ಸುಳ್ಳೇ? ಚಿಕ್ಕ ಉತ್ತರ ಇಷ್ಟು: ಒಂದು ಕಾಲದಲ್ಲಿ ನಿಜವಿತ್ತು, ಇವತ್ತಿನ ಎಲ್‌ಸಿಡಿ ಮಾನಿಟರ್‌ಗಳ ಮಟ್ಟಿಗೆ ನಿಜವಲ್ಲ. ದೊಡ್ಡ ಉತ್ತರ ತಿಳಿಯಬೇಕೆಂದರೆ ಒಬ್ಬ ವ್ಯಕ್ತಿಯ ಬದುಕನ್ನು ತಿಳಿಯಬೇಕು. ಇವತ್ತಿಗೂ ಲಿನಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಕಾಣುವ ಹಲವು ಅಂಕಿಗಳು ಅವರು ಮಾಡಿದ ಒಂದು ಗಾಜಿನ ಕೊಳವೆಯ ನೆನಪನ್ನು ಹೊತ್ತಿವೆ. ಅವರ ಹೆಸರು ಕಾರ್ಲ್ ಫರ್ಡಿನಾಂಡ್ ಬ್ರೌನ್.

ಮೊದಲಿಗೇ ಒಂದು ಗೊಂದಲ ಬಗೆಹರಿಸೋಣ. ಶೇವಿಂಗ್ ಯಂತ್ರ, ಮಿಕ್ಸರ್‌ಗಳ ಮೇಲೆ ಕಾಣುವ ಬ್ರೌನ್ ಎಂಬ ಹೆಸರು ಇವರದಲ್ಲ. ಆ ಕಂಪನಿಯನ್ನು ಮ್ಯಾಕ್ಸ್ ಬ್ರೌನ್ ಎಂಬುವರು 1921ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಆರಂಭಿಸಿದರು. ರಾಕೆಟ್ ವಿಜ್ಞಾನಿ ವೆರ್ನರ್ ಫಾನ್ ಬ್ರೌನ್ ಕೂಡ ಬೇರೆಯವರು. ನಾವು ಹೇಳುತ್ತಿರುವ ಬ್ರೌನ್ ಅವರು ಇವರಿಬ್ಬರೂ ಹೆಸರು ಮಾಡುವ ಮೊದಲೇ ತೀರಿಕೊಂಡಿದ್ದರು.

ಶಾಲಾ ಮೇಷ್ಟರು ಕಂಡ ವಿಚಿತ್ರ

ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ಫುಲ್ಡಾ ಎಂಬ ಊರಿನಲ್ಲಿ. ಮಾರ್ಬರ್ಗ್‌ನಲ್ಲಿ ಓದು ಆರಂಭಿಸಿ, ಬರ್ಲಿನ್‌ಗೆ ಹೋಗಿ, 1872ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ ಎಳೆದು ಕಟ್ಟಿದ ತಂತಿಗಳ ಕಂಪನ. ನಂತರ ವೂರ್ಟ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕ ಕ್ವಿಂಕೆ ಅವರ ಸಹಾಯಕರಾಗಿ ಕೆಲಸ ಮಾಡಿದರು.

1874ರಲ್ಲಿ ಅವರು ಲೈಪ್‌ಜಿಗ್‌ನ ಸೇಂಟ್ ಥಾಮಸ್ ಶಾಲೆಯಲ್ಲಿ ಮೇಷ್ಟರಾದರು. ಗಣಿತ, ವಿಜ್ಞಾನವನ್ನು ನಗುನಗುತ್ತಾ ಕಲಿಸುವ ಒಂದು ಪುಸ್ತಕವನ್ನೂ ಆ ದಿನಗಳಲ್ಲಿ ಮಕ್ಕಳಿಗಾಗಿ ಬರೆದರು. ಶಾಲೆಯ ಕೆಲಸದ ನಡುವೆ ಉಳಿದ ಸಮಯದಲ್ಲಿ ಪ್ರಯೋಗ ನಡೆಯುತ್ತಿತ್ತು.

ಅದೇ 1874ರಲ್ಲಿ ಅವರು ಒಂದು ವಿಚಿತ್ರ ಗಮನಿಸಿದರು. ಗಲೀನಾದಂಥ ಗಂಧಕ ಬೆರೆತ ಖನಿಜದ ಹರಳಿಗೆ ಲೋಹದ ತಂತಿಯ ಮೊನೆ ತಾಗಿಸಿ ವಿದ್ಯುತ್ ಹರಿಸಿದರೆ, ಒಂದು ದಿಕ್ಕಿನಲ್ಲಿ ಅದು ಸರಾಗವಾಗಿ ಹೋಗುತ್ತದೆ, ಎದುರು ದಿಕ್ಕಿನಲ್ಲಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನೀರಿನ ಪೈಪಿಗೆ ಹಾಕುವ ಒಮ್ಮುಖ ವಾಲ್ವ್‌ನಂತೆ. ಆಗ ಇದನ್ನು ಕೇಳಿದವರು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಇವತ್ತು ಇದೇ ಗುಣದ ಡಯೋಡ್ ನಿಮ್ಮ ಮೊಬೈಲ್ ಚಾರ್ಜರ್ ಒಳಗೂ ಇದೆ.

ಇಲ್ಲಿ ಭಾರತದ ಒಂದು ಕೊಂಡಿ ಇದೆ. ಜಗದೀಶಚಂದ್ರ ಬೋಸ್ ಅವರು ವಿದ್ಯುತ್ಕಾಂತೀಯ ತರಂಗಗಳನ್ನು ಪತ್ತೆಹಚ್ಚಲು ಇದೇ ಗಲೀನಾ ಹರಳನ್ನು ಬಳಸಿದರು. 1901ರಲ್ಲಿ ಅರ್ಜಿ ಹಾಕಿ, 1904ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಪಡೆದರು. ಹರಳಿನ ಒಮ್ಮುಖ ಗುಣ ಬ್ರೌನ್ ಅವರು ಗಮನಿಸಿದ್ದು, ಹರಳಿನಿಂದ ತರಂಗ ಹಿಡಿಯುವ ಆ ಸಾಧನ ಬೋಸ್ ಅವರದು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ತೆಗಳುವ ಅಗತ್ಯವಿಲ್ಲ.

ಕಣ್ಣಿಗೆ ಕಾಣದ್ದನ್ನು ನೋಡುವುದು ಹೇಗೆ?

ಶಾಲೆ ಬಿಟ್ಟ ಮೇಲೆ ಬ್ರೌನ್ ಅವರು ಊರೂರು ಸುತ್ತಿದರು. ಮಾರ್ಬರ್ಗ್, ಸ್ಟ್ರಾಸ್‌ಬರ್ಗ್, ಕಾರ್ಲ್ಸ್‌ರೂಹೆ, ಟ್ಯೂಬಿಂಗನ್ ಹೀಗೆ ಒಂದೊಂದು ವಿಶ್ವವಿದ್ಯಾಲಯದಲ್ಲೂ ಕೆಲವು ವರ್ಷ ಪಾಠ ಮಾಡಿದರು. ಅವರ ಅಣ್ಣ ವುನಿಬಾಲ್ಡ್ ಅಳತೆಯ ಉಪಕರಣಗಳನ್ನು ಮಾಡುವ ಹಾರ್ಟ್‌ಮನ್ ಅಂಡ್ ಬ್ರೌನ್ ಕಂಪನಿಯ ಸ್ಥಾಪಕರಲ್ಲೊಬ್ಬರು. ತಮ್ಮ ವಿನ್ಯಾಸ ಮಾಡಿದ ಎಲೆಕ್ಟ್ರೋಮೀಟರ್ ಕೂಡ ಅಣ್ಣನ ಕಂಪನಿಯಲ್ಲಿ ತಯಾರಾಯಿತು. ಕಣ್ಣಿಗೆ ಕಾಣದ ವಿದ್ಯುತ್ತನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಬ್ರೌನ್ ಅವರ ಹಳೆಯ ಹುಚ್ಚು.

1895ರಲ್ಲಿ ಅವರು ಸ್ಟ್ರಾಸ್‌ಬರ್ಗ್‌ಗೆ ಮರಳಿ, ಅಲ್ಲಿನ ಭೌತಶಾಸ್ತ್ರ ಸಂಸ್ಥೆಯ ನಿರ್ದೇಶಕರಾದರು. ಇವತ್ತು ಆ ಊರು ಫ್ರಾನ್ಸ್‌ನಲ್ಲಿದೆ, ಆಗ ಜರ್ಮನಿಯದಾಗಿತ್ತು. ಯುರೋಪಿನ ಊರುಗಳಿಗೆ ಕರೆಂಟ್ ಬರುತ್ತಿದ್ದ ಕಾಲ ಅದು. ಎಸಿ ವಿದ್ಯುತ್ ಸೆಕೆಂಡಿಗೆ ಹತ್ತಾರು ಸಲ ದಿಕ್ಕು ಬದಲಿಸುತ್ತದೆ. ಆದರೆ ಆ ಏರಿಳಿತದ ಆಕಾರ ಹೇಗಿದೆ ಎಂದು ನೋಡುವ ದಾರಿ ಸುಲಭವಾಗಿರಲಿಲ್ಲ. ಮೀಟರಿನ ಮುಳ್ಳಿಗೆ ತೂಕವಿದೆ. ಅಷ್ಟು ವೇಗದ ಏರಿಳಿತವನ್ನು ಹಿಂಬಾಲಿಸಲು ಅದಕ್ಕೆ ಆಗುವುದಿಲ್ಲ.

ತೂಕವೇ ಇಲ್ಲದಂಥ ಒಂದು ಮುಳ್ಳು ಬೇಕಿತ್ತು. ಬ್ರೌನ್ ಅವರ ಕಣ್ಣು ಕ್ಯಾಥೋಡ್ ಕಿರಣಗಳ ಮೇಲೆ ಬಿತ್ತು. ಗಾಳಿ ತೆಗೆದ ಗಾಜಿನ ಕೊಳವೆಗೆ ಹೆಚ್ಚಿನ ವೋಲ್ಟೇಜ್ ಕೊಟ್ಟಾಗ ಹೊರಡುವ ಕಿರಣಗಳಿವು. ರಾಂಟ್‌ಜೆನ್ ಅವರು 1895ರಲ್ಲಿ ಎಕ್ಸ್‌ರೇ ಕಂಡುಹಿಡಿದದ್ದೂ ಇಂಥ ಕೊಳವೆಗಳ ಜೊತೆ ಕೆಲಸ ಮಾಡುವಾಗಲೇ. ಈ ಕಿರಣಗಳನ್ನು ಆಯಸ್ಕಾಂತದಿಂದ ಬಾಗಿಸಬಹುದು ಎಂಬುದು ಆಗಲೇ ಗೊತ್ತಿತ್ತು.

1897: ಚುಕ್ಕಿಯೊಂದು ಕುಣಿಯಿತು

1897ರ ಫೆಬ್ರವರಿಯಲ್ಲಿ ಬ್ರೌನ್ ಅವರು ತಮ್ಮ ಕೊಳವೆಯ ವಿವರ ಪ್ರಕಟಿಸಿದರು. ಕೊಳವೆಯ ಒಂದು ತುದಿ ಸಣ್ಣದು, ಇನ್ನೊಂದು ತುದಿ ಅಗಲ. ಸಣ್ಣ ತುದಿಯಿಂದ ಹೊರಟ ಕಿರಣ ಒಂದು ಪುಟ್ಟ ತೂತಿನ ಮೂಲಕ ಹಾದು, ಅಗಲ ತುದಿಯಲ್ಲಿರುವ ಅಭ್ರಕದ ಪರದೆಗೆ ಬಡಿಯುತ್ತದೆ. ಪರದೆಗೆ ಹೊಳೆಯುವ ಪದಾರ್ಥ ಬಳಿದಿರುವುದರಿಂದ ಬಡಿದ ಜಾಗದಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ. ಕೊಳವೆಯ ಪಕ್ಕ ತಂತಿಯ ಸುರುಳಿಯಿಟ್ಟು ಅದರಲ್ಲಿ ಎಸಿ ವಿದ್ಯುತ್ ಹರಿಸಿದರೆ, ಸುರುಳಿ ಆಯಸ್ಕಾಂತವಾಗಿ ಕಿರಣವನ್ನು ಮೇಲೆ ಕೆಳಗೆ ಎಳೆಯುತ್ತದೆ. ಚುಕ್ಕಿ ಕುಣಿಯುತ್ತದೆ.

ಆದರೆ ಚುಕ್ಕಿ ಮೇಲೆ ಕೆಳಗೆ ಹೋದರೆ ಕಾಣುವುದು ಒಂದು ನೆಟ್ಟಗಿನ ಗೆರೆ ಮಾತ್ರ. ಅಲೆಯ ಆಕಾರ ಕಾಣಬೇಕಾದರೆ ಅದು ಪಕ್ಕಕ್ಕೂ ಹರಡಬೇಕು. ಅದಕ್ಕಾಗಿ ಬ್ರೌನ್ ಅವರು ತಿರುಗುವ ಕನ್ನಡಿಯೊಂದರಲ್ಲಿ ಚುಕ್ಕಿಯನ್ನು ನೋಡುತ್ತಿದ್ದರು. ಅವರ ಸಹಾಯಕ ಯೊನಾಥನ್ ಜೆನ್ನೆಕ್ 1899ರಲ್ಲಿ ಕನ್ನಡಿಯ ಕೆಲಸವನ್ನೂ ವಿದ್ಯುತ್ತಿಗೇ ವಹಿಸಿದರು. ಕಿರಣವೇ ಒಂದೇ ವೇಗದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದು, ಥಟ್ಟನೆ ವಾಪಸ್ ಬಂದು, ಮತ್ತೆ ಸರಿಯುವ ಹಾಗೆ ಮಾಡಿದರು. ಈ ಸರಿಯುವುದು ಮತ್ತು ವಾಪಸ್ ಬರುವುದು ಎಂಬ ಎರಡು ಚಲನೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಲಿನಕ್ಸ್ ಬಂದಾಗ ಬೇಕಾಗುತ್ತದೆ.

ಕ್ಯಾಥೋಡ್ ಕಿರಣ ಎಂದರೆ ಪುಟ್ಟ ಕಣಗಳ ಹರಿವು ಎಂದು ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ತೋರಿಸಿದ್ದು ಅದೇ ವರ್ಷ, ಬ್ರೌನ್ ಅವರ ಬರಹ ಬಂದ ಕೆಲವು ತಿಂಗಳ ಬಳಿಕ. ಅಂದರೆ ಎಲೆಕ್ಟ್ರಾನ್ ಏನೆಂದು ಇನ್ನೂ ಖಚಿತವಾಗುವ ಮೊದಲೇ ಅದರಿಂದ ಕೆಲಸ ತೆಗೆಯುವ ಉಪಕರಣ ಸಿದ್ಧವಾಗಿತ್ತು.

ಈ ಕೊಳವೆಗೆ ಬ್ರೌನ್ ಅವರು ಪೇಟೆಂಟ್ ಪಡೆಯಲಿಲ್ಲ. ವಿವರ ಪ್ರಕಟಿಸಿದರು, ಯಾರು ಬೇಕಾದರೂ ಮಾಡಿಕೊಳ್ಳುವಂತಾಯಿತು. ಅದು ಹರಡಿದ ವೇಗಕ್ಕೆ ಇದೂ ಒಂದು ಕಾರಣ.

ಬ್ರೌನ್ ಅವರು ಟಿವಿ ಕಂಡುಹಿಡಿದರು ಎಂಬ ಫಾರ್ವರ್ಡ್ ಬಂದರೆ ಅದು ಪೂರ್ತಿ ಸರಿಯಲ್ಲ. ಅವರು ಮಾಡಿದ್ದು ವಿದ್ಯುತ್ತಿನ ಏರಿಳಿತ ನೋಡುವ ಸಾಧನ. ಆಸ್ಪತ್ರೆಯಲ್ಲಿ ಹೃದಯದ ಬಡಿತವನ್ನು ಅಲೆಯಾಗಿ ತೋರಿಸುವ ಪರದೆ, ಎಲೆಕ್ಟ್ರಾನಿಕ್ಸ್ ಲ್ಯಾಬಿನ ಆಸಿಲೋಸ್ಕೋಪ್, ಇವೇ ಅದರ ನೇರ ವಂಶದವು.

ತಂತಿಯಿಲ್ಲದ ತಂತಿ, ಹಂಚಿಹೋದ ನೊಬೆಲ್

1898ರಿಂದ ಬ್ರೌನ್ ಅವರ ಗಮನ ನಿಸ್ತಂತು ಸಂದೇಶದ ಕಡೆ ತಿರುಗಿತು. ಆಗಿನ ಮಾರ್ಕೋನಿಯವರ ಯಂತ್ರದಲ್ಲಿ ವಿದ್ಯುತ್ ಕಿಡಿ ನೇರವಾಗಿ ಆಂಟೆನಾದಲ್ಲೇ ಹಾರುತ್ತಿತ್ತು. ಹೊರಟ ಅಲೆ ಬೇಗ ಸತ್ತುಹೋಗುತ್ತಿತ್ತು, ದೂರ ತಲುಪುವುದು ಕಷ್ಟವಾಗುತ್ತಿತ್ತು. ಬ್ರೌನ್ ಅವರು ಕಿಡಿಯನ್ನು ಬೇರೆ ಸುತ್ತಿನಲ್ಲಿಟ್ಟು, ತಂತಿಯ ಸುರುಳಿಗಳ ಮೂಲಕ ಶಕ್ತಿಯನ್ನು ಆಂಟೆನಾಗೆ ದಾಟಿಸಿದರು. ಅಲೆ ಹೆಚ್ಚು ಹೊತ್ತು ಉಳಿಯಿತು. ಕಳಿಸುವ ಯಂತ್ರವನ್ನೂ ಪಡೆಯುವ ಯಂತ್ರವನ್ನೂ ಒಂದೇ ತರಂಗಕ್ಕೆ ಹೊಂದಿಸಲು ಅನುಕೂಲವಾಯಿತು. ಇದಕ್ಕೆ ಅವರು ಪೇಟೆಂಟ್ ಪಡೆದರು. 1900ರಲ್ಲಿ ಅವರ ತಂಡ ಜರ್ಮನಿಯ ಕುಕ್ಸ್‌ಹಾಫೆನ್ ತೀರದಿಂದ ಸುಮಾರು 60 ಕಿ.ಮೀ. ದೂರದ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಸಂದೇಶ ಕಳಿಸಿತು. 1903ರಲ್ಲಿ ಎರಡು ಜರ್ಮನ್ ಗುಂಪುಗಳು ಸೇರಿ ಟೆಲಿಫುಂಕೆನ್ ಕಂಪನಿ ಹುಟ್ಟಿತು. ಅದರಲ್ಲಿ ಒಂದು ಬ್ರೌನ್ ಅವರ ವಿಧಾನವನ್ನು ಬಳಸುತ್ತಿದ್ದ ಗುಂಪು.

1909ರ ಭೌತಶಾಸ್ತ್ರ ನೊಬೆಲ್ ನಿಸ್ತಂತು ತಂತಿ ಸಂದೇಶಕ್ಕಾಗಿ ಸಂದಿತು. ಮಾರ್ಕೋನಿ ಒಬ್ಬರೇ ಆ ಪ್ರಶಸ್ತಿ ಪಡೆದರು ಎಂದು ನಮ್ಮ ಮೊಬೈಲುಗಳಲ್ಲಿ ಓಡಾಡುವ ಸಂದೇಶಗಳು ಹೇಳುವುದುಂಟು. ಬೋಸ್ ಅವರಿಗೆ ಸಿಗಬೇಕಿದ್ದ ಗೌರವದ ಬಗ್ಗೆ ಚರ್ಚೆ ಮಾಡಲು ಕಾರಣಗಳಿವೆ. ಆದರೆ ಆ ನೊಬೆಲ್ ಮಾರ್ಕೋನಿ ಮತ್ತು ಬ್ರೌನ್ ಇಬ್ಬರಿಗೆ ಹಂಚಿಹೋಯಿತು ಎಂಬ ಸಂಗತಿ ಬಿಟ್ಟರೆ ಕಥೆ ಅರ್ಧವಾಗುತ್ತದೆ. ಇನ್ನೊಂದು ಗಮನಿಸಬೇಕಾದ ವಿಷಯ, ನೊಬೆಲ್ ಬಂದದ್ದು ಕೊಳವೆಗಾಗಿ ಅಲ್ಲ.

ಬ್ರೂಕ್ಲಿನ್‌ನಲ್ಲಿ ಕೊನೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಕೂಡಲೇ ಬ್ರಿಟನ್ ಜರ್ಮನಿಯ ಸಮುದ್ರದಡಿಯ ತಂತಿಗಳನ್ನು ಕತ್ತರಿಸಿತು. ಅಮೆರಿಕದ ಜೊತೆ ಮಾತನಾಡಲು ಜರ್ಮನಿಗೆ ನಿಸ್ತಂತು ಕೇಂದ್ರಗಳೇ ಗತಿಯಾದವು. ನ್ಯೂಯಾರ್ಕ್ ಬಳಿಯ ಸೇವಿಲ್ ಎಂಬಲ್ಲಿ ಟೆಲಿಫುಂಕೆನ್ ಉಪಕರಣಗಳ ಕೇಂದ್ರವೊಂದಿತ್ತು. ಅದರ ಮೇಲೆ ಮಾರ್ಕೋನಿ ಕಂಪನಿ ಪೇಟೆಂಟ್ ದಾವೆ ಹೂಡಿತು. ಸಾಕ್ಷಿ ಹೇಳಲು 64 ವರ್ಷದ ಬ್ರೌನ್, ಜೆನ್ನೆಕ್ ಜೊತೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಯುದ್ಧದ ನಡುವೆಯೇ ಅಟ್ಲಾಂಟಿಕ್ ದಾಟಿದರು.

ಮೊಕದ್ದಮೆ ಎಳೆಯಿತು. ಯುದ್ಧವೂ ಎಳೆಯಿತು. 1917ರ ಏಪ್ರಿಲ್‌ನಲ್ಲಿ ಅಮೆರಿಕವೇ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದ ಮೇಲೆ ಊರಿಗೆ ಮರಳುವ ದಾರಿ ಮುಚ್ಚಿತು. ಜೆನ್ನೆಕ್ ಅವರನ್ನು ಶತ್ರು ದೇಶದವರೆಂದು ಬಂಧನದಲ್ಲಿಟ್ಟರು. ಬ್ರೌನ್ ಅವರು ಬ್ರೂಕ್ಲಿನ್‌ನಲ್ಲಿದ್ದ ಮಗನ ಮನೆಯಲ್ಲಿ ಉಳಿದರು. 1918ರ ಏಪ್ರಿಲ್ 20ರಂದು ಅಲ್ಲೇ ತೀರಿಕೊಂಡರು. ಯುದ್ಧ ಮುಗಿಯಲು ಇನ್ನೂ ಏಳು ತಿಂಗಳಿತ್ತು.

ಅವರ ಬದುಕಿನ ವಿಪರ್ಯಾಸ ಇಲ್ಲಿದೆ. ಪೇಟೆಂಟ್ ಮಾಡಿಸಿದ ನಿಸ್ತಂತು ವಿದ್ಯೆಯೇ ಅವರನ್ನು ಪರದೇಶದ ಕೋರ್ಟಿಗೆ ಎಳೆದುಕೊಂಡು ಹೋಯಿತು. ಪೇಟೆಂಟ್ ಇಲ್ಲದೆ ಬಿಟ್ಟುಕೊಟ್ಟ ಕೊಳವೆ ಯಾವ ಗಡಿಯ ಹಂಗೂ ಇಲ್ಲದೆ ಜಗತ್ತು ಸುತ್ತಿತು.

ಕೊಳವೆಯೊಳಗೆ ಚಿತ್ರ ಬಂದದ್ದು

ಬ್ರೌನ್ ಅವರು ಬದುಕಿದ್ದಾಗಲೇ ಅವರ ಕೊಳವೆಯಲ್ಲಿ ಚಿತ್ರ ಮೂಡಿಸುವ ಯತ್ನಗಳು ಶುರುವಾಗಿದ್ದವು. 1906ರಲ್ಲಿ ಮ್ಯಾಕ್ಸ್ ಡೀಕ್‌ಮನ್ ಮತ್ತು ಗುಸ್ತಾವ್ ಗ್ಲಾಗೆ ಜರ್ಮನಿಯಲ್ಲಿ ಸರಳ ಗೆರೆಚಿತ್ರಗಳನ್ನು ಅದರಲ್ಲಿ ತೋರಿಸಿದರು. ರಷ್ಯಾದ ಬೋರಿಸ್ ರೋಸಿಂಗ್ 1907ರಲ್ಲಿ ಚಿತ್ರ ಪಡೆಯಲು ಇದೇ ಕೊಳವೆ ಬಳಸುವ ಪೇಟೆಂಟ್ ಅರ್ಜಿ ಹಾಕಿದರು. 1926ರಲ್ಲಿ ಜಪಾನಿನ ಕೆಂಜಿರೋ ತಕಯನಾಗಿ 40 ಗೆರೆಗಳಲ್ಲಿ ಜಪಾನಿ ಲಿಪಿಯ ಒಂದೇ ಒಂದು ಅಕ್ಷರವನ್ನು ಕೊಳವೆಯ ಮೇಲೆ ಮೂಡಿಸಿದರು. ಜಪಾನಿ ಭಾಷೆಯಲ್ಲಿ ಹಳೆಯ ಡಬ್ಬಾ ಟಿವಿಯ ಕೊಳವೆಗೆ ಇವತ್ತಿಗೂ ಬ್ರೌನ್ ಕೊಳವೆ ಎಂದೇ ಹೆಸರು. ಜರ್ಮನಿಯಲ್ಲೂ ಹಾಗೆಯೇ. ನಮ್ಮಲ್ಲಿ ಅದು ಪಿಕ್ಚರ್ ಟ್ಯೂಬ್ ಆಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಕಪ್ಪು-ಬಿಳುಪು ಟಿವಿಗೆ ಬೇಕಾದ ಪಿಕ್ಚರ್ ಟ್ಯೂಬ್‌ಗಳನ್ನು ತಯಾರಿಸುತ್ತಿತ್ತು.

ಒಂದು ಚುಕ್ಕಿಯಿಂದ ಇಡೀ ಚಿತ್ರ ಹೇಗೆ? ನೋಟ್‌ಬುಕ್‌ನಲ್ಲಿ ಬರೆಯುವುದನ್ನು ನೆನಪಿಸಿಕೊಳ್ಳಿ. ಎಡದಿಂದ ಬಲಕ್ಕೆ ಒಂದು ಸಾಲು ಬರೆಯುತ್ತೇವೆ. ಸಾಲು ಮುಗಿದ ಮೇಲೆ ಪೆನ್ನು ಎತ್ತಿ ಕೈಯನ್ನು ಮತ್ತೆ ಎಡಕ್ಕೆ ತರುತ್ತೇವೆ. ಪುಟ ಮುಗಿದರೆ ಕೈ ಮೇಲಕ್ಕೆ ಹೋಗುತ್ತದೆ. ಕೊಳವೆಯ ಕಿರಣವೂ ಹೀಗೆಯೇ ಸಾಲು ಸಾಲಾಗಿ ಚಿತ್ರ ಬರೆಯುತ್ತದೆ, ಸೆಕೆಂಡಿಗೆ ಸುಮಾರು 60 ಪುಟ. ವಾಪಸ್ ಬರುವಾಗ ಕಿರಣವನ್ನು ಆರಿಸಬೇಕು, ಇಲ್ಲದಿದ್ದರೆ ಚಿತ್ರದ ಮೇಲೆ ಗೀಟು ಬೀಳುತ್ತದೆ. ವಾಪಸ್ ಹೊರಡು ಎಂದು ಹೇಳುವ ಸೂಚನೆಗೆ ಸಿಂಕ್ ಎನ್ನುತ್ತಾರೆ. ಸಿಂಕ್‌ಗೆ ಮೊದಲು ಒಂದಿಷ್ಟು, ನಂತರ ಒಂದಿಷ್ಟು ಖಾಲಿ ಸಮಯ ಬಿಡಬೇಕು. ಮನೆಯ ಮುಂದೆ ಹಿಂದೆ ಜಗಲಿ ಇದ್ದ ಹಾಗೆ. ಎಂಜಿನಿಯರ್‌ಗಳು ಇಟ್ಟ ಹೆಸರೂ ಜಗಲಿಯೇ: ಫ್ರಂಟ್ ಪೋರ್ಚ್, ಬ್ಯಾಕ್ ಪೋರ್ಚ್.

ಈಗ ಲೆಕ್ಕ ನೋಡಿ. 640 ಅಡ್ಡ, 480 ಉದ್ದದ ಹಳೆಯ ವಿಜಿಎ ಚಿತ್ರದಲ್ಲಿ ಕಣ್ಣಿಗೆ ಕಾಣುವ ಸಾಲು 640 ಚುಕ್ಕಿಗಳದು. ಆದರೆ ಮುಂಜಗಲಿ 16, ಸಿಂಕ್ 96, ಹಿಂಜಗಲಿ 48 ಸೇರಿ ನಿಜವಾದ ಸಾಲು 800 ಚುಕ್ಕಿಗಳಷ್ಟು ಉದ್ದ. ಹಾಗೆಯೇ 480 ಸಾಲುಗಳ ಚಿತ್ರಕ್ಕೆ ಖಾಲಿ ಸಾಲುಗಳೂ ಸೇರಿ 525 ಸಾಲು. ಇದೆಲ್ಲ ಸೆಕೆಂಡಿಗೆ ಸುಮಾರು 60 ಸಲ ಆಗಲು 25.175 ಮೆಗಾಹರ್ಟ್ಜ್ ವೇಗ ಬೇಕು. ಲಿನಕ್ಸ್‌ನಲ್ಲಿ ಮೋಡ್‌ಲೈನ್ ಎಂದು ಕರೆಯುವ ಸಾಲಿನಲ್ಲಿ ಇರುವುದು ಈ ಅಂಕಿಗಳೇ.

ಇನ್ನೊಂದು ಅಚ್ಚರಿ: ಎಲ್‌ಸಿಡಿಯಲ್ಲಿ ಕಿರಣವೇ ಇಲ್ಲ, ವಾಪಸ್ ಬರುವ ಕೆಲಸವೂ ಇಲ್ಲ. ಆದರೂ ಎಚ್‌ಡಿಎಂಐ ಮೂಲಕ ಹೋಗುವ 1920 ಅಡ್ಡ, 1080 ಉದ್ದದ ಚಿತ್ರ ವಾಸ್ತವದಲ್ಲಿ 2200 ಅಡ್ಡ, 1125 ಉದ್ದದ್ದು. ಸೆಕೆಂಡಿಗೆ 60 ಸಲ ಎಂದರೆ 148.5 ಮೆಗಾಹರ್ಟ್ಜ್. ಕೊಳವೆ ಹೋದರೂ ಅದರ ತಾಳ ಉಳಿದಿದೆ.

ಹಾಗಾದರೆ ಮಾನಿಟರ್ ಸುಡುತ್ತದೆಯೇ?

ಈಗ ನಮ್ಮ ಪ್ರಶ್ನೆಗೆ ಬರೋಣ. 1990ರ ದಶಕದಲ್ಲಿ ಲಿನಕ್ಸ್‌ನಲ್ಲಿ ಚಿತ್ರ ಬರಿಸಲು ಎಕ್ಸ್‌ಫ್ರೀ86 ಎಂಬ ತಂತ್ರಾಂಶವಿತ್ತು. ಮಾನಿಟರಿನ ಅಡ್ಡ ಮತ್ತು ಉದ್ದ ವೇಗದ ಮಿತಿಗಳನ್ನು ಬಳಕೆದಾರರೇ ಒಂದು ಫೈಲಿನಲ್ಲಿ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಮಾನಿಟರ್ ಹಾಳಾಗಬಹುದು ಎಂಬ ಎಚ್ಚರಿಕೆ ಅದರ ಕೈಪಿಡಿಯಲ್ಲೇ ಇತ್ತು. ಅದು ಸುಳ್ಳಲ್ಲ. ಒಂದೇ ವೇಗಕ್ಕೆಂದು ಮಾಡಿದ ಹಳೆಯ ಕೊಳವೆ ಮಾನಿಟರಿನಲ್ಲಿ ಕಿರಣವನ್ನು ಎಳೆದಾಡುವ ಬಿಡಿಭಾಗಗಳು ಬೇರೆ ವೇಗದ ಸಿಗ್ನಲ್ ಬಂದರೆ ಕಾದು ಕೆಡುವ ಸಾಧ್ಯತೆಯಿತ್ತು. ಇವತ್ತಿನ ಫಾರ್ವರ್ಡ್‌ನ ಬೇರು ಅಲ್ಲಿದೆ.

ಆಮೇಲೆ ಬಂದ ಕೊಳವೆ ಮಾನಿಟರ್‌ಗಳಿಗೆ ಹಲವು ವೇಗಗಳನ್ನು ಗುರುತಿಸುವ, ಮಿತಿ ಮೀರಿದರೆ ಚಿತ್ರ ನಿಲ್ಲಿಸುವ ರಕ್ಷಣೆ ಸೇರಿತು. 1994ರಲ್ಲಿ ಇಡಿಐಡಿ ಎಂಬ ವ್ಯವಸ್ಥೆ ಬಂತು. 128 ಬೈಟ್‌ಗಳ ಈ ಪುಟ್ಟ ಪರಿಚಯಪತ್ರದಲ್ಲಿ ಮಾನಿಟರ್ ತಾನು ಯಾರು, ಯಾವ ವೇಗ ತನಗೆ ಆಗುತ್ತದೆ ಎಂದು ಕಂಪ್ಯೂಟರಿಗೆ ತಾನೇ ಹೇಳಿಕೊಳ್ಳುತ್ತದೆ. ಈಗಿನ ಲಿನಕ್ಸ್ ಅದನ್ನು ಓದಿ ಸೂಕ್ತ ಅಳತೆ ಆರಿಸುತ್ತದೆ. ಎಲ್‌ಸಿಡಿ ಮಾನಿಟರಿಗೆ ಆಗದ ಸಿಗ್ನಲ್ ಬಂದರೆ ಅದು ಔಟ್ ಆಫ್ ರೇಂಜ್ ಎಂದು ತೋರಿಸುತ್ತದೆ, ಅಥವಾ ಸುಮ್ಮನೆ ಕಪ್ಪಾಗುತ್ತದೆ. ಸುಡುವುದಿಲ್ಲ.

ಪರದೆ ಕಪ್ಪಾದರೆ ಏನು ನೋಡಬೇಕು?

ಒಂದೊಂದಾಗಿ ನೋಡಿ, ಗಾಬರಿ ಬೇಡ.

ಮೊದಲು ಮಾನಿಟರಿನ ಬಟನ್ ಒತ್ತಿ. ಅದರದ್ದೇ ಮೆನು ಪರದೆಯ ಮೇಲೆ ಬಂದರೆ ಮಾನಿಟರ್ ಬದುಕಿದೆ. ನೋ ಸಿಗ್ನಲ್ ಎಂದರೆ ಏನೂ ತಲುಪುತ್ತಿಲ್ಲ, ಕೇಬಲ್ ಮತ್ತು ಇನ್‌ಪುಟ್ ಆಯ್ಕೆ ನೋಡಿ. ಔಟ್ ಆಫ್ ರೇಂಜ್ ಎಂದರೆ ಸಿಗ್ನಲ್ ತಲುಪುತ್ತಿದೆ, ತಾಳ ಮಾತ್ರ ತಪ್ಪಿದೆ. ಗುಜರಿಗೆ ಹಾಕುವ ಮಾತೇ ಇಲ್ಲ.

ಕಂಪ್ಯೂಟರ್ ಹಚ್ಚಿದಾಗ ಕಂಪನಿಯ ಲೋಗೋ ಕಂಡು, ಲಿನಕ್ಸ್ ಏಳುವಾಗ ಕಪ್ಪಾಗುತ್ತದೆಯೇ? ಹಾಗಿದ್ದರೆ ಮಾನಿಟರ್, ಕೇಬಲ್ ಎರಡೂ ಸರಿಯಿವೆ. ತೊಂದರೆ ಗ್ರಾಫಿಕ್ಸ್ ಡ್ರೈವರ್ ಶುರುವಾಗುವ ಹಂತದಲ್ಲಿದೆ. ಗ್ರಬ್ ಮೆನುವಿನಲ್ಲಿ ಇ ಕೀ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಸೇರಿಸಿ ಶುರು ಮಾಡಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಚಿತ್ರ ಬಂದರೆ ಸರಿಯಾದ ಡ್ರೈವರ್ ಹಾಕಿಕೊಳ್ಳಲು ದಾರಿ ಸಿಕ್ಕಂತೆ. ನೋಮೋಡ್‌ಸೆಟ್ ತಾತ್ಕಾಲಿಕ ಊರುಗೋಲು, ಅದನ್ನೇ ಕಾಯಂ ಮಾಡಿಕೊಳ್ಳಬೇಡಿ.

ಚಿತ್ರ ಬಂದರೂ ಮಸುಕಾಗಿ, ಅಕ್ಷರ ದಪ್ಪವಾಗಿ ಕಾಣುತ್ತಿದೆಯೇ? ಮಾನಿಟರಿನ ಪರಿಚಯಪತ್ರ ಕಂಪ್ಯೂಟರಿಗೆ ತಲುಪದಿರುವ ಸಾಧ್ಯತೆಯಿದೆ. ಕೆಲವು ವಿಜಿಎ ಕೇಬಲ್‌ಗಳಲ್ಲಿ, ಅಡಾಪ್ಟರುಗಳಲ್ಲಿ ಆ ಮಾಹಿತಿ ಹೋಗುವ ತಂತಿಯೇ ಇರುವುದಿಲ್ಲ. ಆಗ ಲಿನಕ್ಸ್ ಊಹೆಯ ಮೇಲೆ ಚಿಕ್ಕ ಅಳತೆ ಆರಿಸುತ್ತದೆ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಆಗದಿದ್ದರೆ, ಎಕ್ಸ್ ವ್ಯವಸ್ಥೆಯಲ್ಲಿ ಸಿವಿಟಿ ಎಂಬ ಆಜ್ಞೆ ಬೇಕಾದ ಅಳತೆಗೆ ಮೋಡ್‌ಲೈನ್ ಲೆಕ್ಕ ಹಾಕಿಕೊಡುತ್ತದೆ, ಎಕ್ಸ್‌ರ್ಯಾಂಡರ್ ಎಂಬ ಆಜ್ಞೆಯಿಂದ ಅದನ್ನು ಸೇರಿಸಬಹುದು.

ರಾಸ್ಪ್‌ಬೆರಿ ಪೈನಂಥ ಪುಟ್ಟ ಬೋರ್ಡ್ ಬಳಸುವವರು ಮೊದಲು ಮಾನಿಟರ್ ಹಚ್ಚಿ, ಆಮೇಲೆ ಬೋರ್ಡಿಗೆ ಕರೆಂಟ್ ಕೊಡಿ. ಬೋರ್ಡ್ ಏಳುವಾಗ ಮಾನಿಟರ್ ನಿದ್ದೆಯಲ್ಲಿದ್ದರೆ ಅದು ಇಲ್ಲವೆಂದೇ ತಿಳಿಯಬಹುದು. ಪೈ 4ರಲ್ಲಿ ಎರಡು ಕಿರಿದಾದ ಎಚ್‌ಡಿಎಂಐ ಕಿಂಡಿಗಳಿವೆ, ಕರೆಂಟ್ ಕಿಂಡಿಗೆ ಹತ್ತಿರದ್ದನ್ನು ಬಳಸಿ. ಟಿವಿಗೆ ಸೇರಿಸಿದಾಗ ಚಿತ್ರದ ಸುತ್ತ ಕಪ್ಪು ಪಟ್ಟಿ ಬಂದರೆ ಅಥವಾ ಅಂಚು ಕತ್ತರಿಸಿದಂತೆ ಕಂಡರೆ ಅದು ಓವರ್‌ಸ್ಕ್ಯಾನ್. ಕೊಳವೆ ಟಿವಿಯಲ್ಲಿ ಚಿತ್ರದ ಅಂಚು ಚೌಕಟ್ಟಿನ ಹಿಂದೆ ಅಡಗುತ್ತಿದ್ದ ಕಾಲದ ಅಭ್ಯಾಸ ಇದು. ಬೋರ್ಡಿನ ಅಥವಾ ಟಿವಿಯ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು.

ಬರಿಯ ಎಲ್‌ಸಿಡಿ ಫಲಕವನ್ನು ನೇರವಾಗಿ ಬೋರ್ಡಿಗೆ ಜೋಡಿಸುವವರಿಗೆ ಬೇರೆ ಮಾತಿದೆ. ಇಂಥ ಹಲವು ಫಲಕಗಳಿಗೆ ಪರಿಚಯಪತ್ರ ಇರುವುದಿಲ್ಲ. ಜಗಲಿಗಳ ಅಂಕಿಗಳನ್ನು ಡಿವೈಸ್ ಟ್ರೀ ಎಂಬ ಫೈಲಿನಲ್ಲೋ ಡ್ರೈವರಿನಲ್ಲೋ ನಾವೇ ಕೊಡಬೇಕು. ಚಿತ್ರ ಒಂದು ಬದಿಗೆ ಸರಿದಿದ್ದರೆ ಜಗಲಿಯ ಅಂಕಿ ನೋಡಿ. ಮೇಲಿಂದ ಕೆಳಗೆ ಉರುಳುತ್ತಿದ್ದರೆ ಉದ್ದದ ಲೆಕ್ಕ ನೋಡಿ. ಬಣ್ಣ ಮಿಣಮಿಣ ಎನ್ನುತ್ತಿದ್ದರೆ ಪಿಕ್ಸೆಲ್ ಗಡಿಯಾರದ ದಿಕ್ಕು ನೋಡಿ. ಇಲ್ಲಿ ಎಚ್ಚರಿಕೆ ನಿಜಕ್ಕೂ ಬೇಕು: 3.3 ವೋಲ್ಟ್‌ನ ಫಲಕಕ್ಕೆ 5 ವೋಲ್ಟ್ ಕೊಟ್ಟರೆ, ಬ್ಯಾಕ್‌ಲೈಟಿಗೆ ಮಿತಿ ಮೀರಿದ ಕರೆಂಟ್ ಕೊಟ್ಟರೆ ಫಲಕ ಹಾಳಾಗಬಹುದು. ತಯಾರಕರ ಮಾಹಿತಿಪತ್ರ ನೋಡದೆ ಜೋಡಿಸಬೇಡಿ.

ಅಷ್ಟಾದರೂ ಚಿತ್ರ ಬರದಿದ್ದರೆ ಎಂಜಿನಿಯರ್‌ಗಳು ಕೊನೆಗೆ ಆಸಿಲೋಸ್ಕೋಪ್ ತರುತ್ತಾರೆ. ಸಿಂಕ್ ತಂತಿಗೆ ಅದನ್ನು ತಾಗಿಸಿ, ಏರಿಳಿತ ಸರಿಯಾದ ಹೊತ್ತಿಗೆ ಬರುತ್ತಿದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಈಗಿನ ಆಸಿಲೋಸ್ಕೋಪ್‌ನಲ್ಲೂ ಕೊಳವೆಯಿಲ್ಲ. ಆದರೆ ಅದು ಮಾಡುವುದು 1897ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಬ್ರೌನ್ ಅವರ ಚುಕ್ಕಿ ಮಾಡಿದ ಕೆಲಸವನ್ನೇ. ಊಹಿಸುವ ಬದಲು ನೋಡಿ ತಿಳಿಯುವುದು.

ಫಾರ್ವರ್ಡ್ ಮಾಡುವ ಮುನ್ನ

ಲಿನಕ್ಸ್ ಸೆಟ್ಟಿಂಗ್‌ನಿಂದ ಇವತ್ತಿನ ಎಲ್‌ಸಿಡಿ ಮಾನಿಟರ್ ಸುಡುವುದಿಲ್ಲ. ಕಪ್ಪು ಪರದೆ ಎಂದರೆ ಸತ್ತ ಪರದೆ ಎಂದರ್ಥವಲ್ಲ. ಸುಡುವ ಮಾತು ಕೊಳವೆ ಮಾನಿಟರ್‌ಗಳ ಕಾಲದ್ದು.

ಮನೆಯ ಅಟ್ಟದಲ್ಲಿ ಹಳೆಯ ಡಬ್ಬಾ ಟಿವಿ ಅಥವಾ ಮಾನಿಟರ್ ಇನ್ನೂ ಇದ್ದರೆ ಒಂದು ಮಾತು ಮಾತ್ರ ಖಂಡಿತ ಪಾಲಿಸಿ: ಅದರ ಹಿಂದಿನ ಮುಚ್ಚಳ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಕೊಳವೆಯಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಗಾಜು ಒಡೆದರೆ ಚೂರುಗಳು ಸಿಡಿಯುತ್ತವೆ, ಅದರ ಗಾಜಿನಲ್ಲಿ ಸೀಸವೂ ಇರುತ್ತದೆ. ಮಕ್ಕಳ ಕೈಗೆ ಕೊಡಬೇಡಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಎಲ್‌ಸಿಡಿ ಮಾನಿಟರ್ ಕಪ್ಪಾಗಿದೆ ಎಂದು ಯಾರಾದರೂ ಎಸೆಯಲು ಹೊರಟಿದ್ದರೆ, ಮೊದಲು ಅದರ ಮೆನು ಬಟನ್ ಒತ್ತಿ ನೋಡಲು ಹೇಳಿ. ಫಾರ್ವರ್ಡ್ ಮಾಡಬೇಕಾದ ಮಾತು ಇದೇ.